ಬಿಲ್ ಪಾಸಾಗುವ ಮುನ್ನ ಬಟವಾಡೆ ಆಗಲಿ

ಸರ್ಕಾರಿ ಕಾಮಗಾರಿಯಲ್ಲಿ ಕಾರ್ಮಿಕ ಸಂಘದ ಮಾತಿಗೂ ಜಾಗ ಇರಬೇಕು ಎಂದರೆ ಸಾಕು, ವೆಚ್ಚ ಏರುತ್ತದೆ, ಕೆಲಸ ನಿಲ್ಲುತ್ತದೆ ಎಂಬ ಕೂಗು ಏಳುತ್ತದೆ. ಜನರ ದುಡ್ಡು ಉಳಿಯಲಿ, ಬೇಡ ಎನ್ನುವವರಿಲ್ಲ. ಆದರೆ ಆ ಉಳಿತಾಯ ಯಾರ ಹೊಟ್ಟೆಯಿಂದ ಬರುತ್ತಿದೆ ಎಂದು ಕೇಳಲೇಬೇಕು.

1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟಿದವರಿಗೆ ನಿಗದಿಯಾಗಿದ್ದ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿಯನ್ನು ಜಮಾದಾರ ಮುರಿದುಕೊಳ್ಳುತ್ತಿದ್ದ. ಪ್ರಜಾಸತ್ತಾತ್ಮಕ ಹಕ್ಕುಗಳ ಸಂಘಟನೆ ಪಿಯುಡಿಆರ್ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತು. ಇವರು ಗುತ್ತಿಗೆದಾರರ ಆಳುಗಳು, ನಮ್ಮವರಲ್ಲ ಎಂಬ ಸರ್ಕಾರದ ವಾದವನ್ನು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ಒಪ್ಪಲಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ತೀರ್ಪಿತ್ತಿತು. ಗುತ್ತಿಗೆದಾರ ಕಾನೂನು ಪಾಲಿಸುವಂತೆ ನೋಡಿಕೊಳ್ಳುವುದು ಕೆಲಸ ಮಾಡಿಸುವ ಸರ್ಕಾರದ ಹೊಣೆ ಎಂದೂ ಹೇಳಿತು.

ಆ ಹೊಣೆಯನ್ನು ಇಂದಿಗೂ ಟೆಂಡರ್ ಪದ್ಧತಿ ಜಾರಿಸಿಬಿಡುತ್ತದೆ. ಎಲ್ಲರಿಗಿಂತ ಕಡಿಮೆ ದರ ಬರೆದವನಿಗೆ ಕಾಮಗಾರಿ. ಸಿಮೆಂಟು, ಕಬ್ಬಿಣದ ಬೆಲೆ ಅವನ ಕೈಯಲ್ಲಿಲ್ಲ; ಹಿಂಡಲು ಸಿಗುವುದು ಕೂಲಿಯೊಂದೇ. ಗುತ್ತಿಗೆದಾರನಿಂದ ಉಪಗುತ್ತಿಗೆದಾರನಿಗೆ, ಅವನಿಂದ ಮೇಸ್ತ್ರಿಗೆ ಕೆಲಸ ಇಳಿದು ಬರುವಷ್ಟರಲ್ಲಿ, ರಾಯಚೂರು, ಯಾದಗಿರಿಯಿಂದ ಬಂದ ಗಾರೆಯಾಳಿಗೆ ತನ್ನ ಮಾಲೀಕ ಯಾರೆಂಬುದೇ ಗೊತ್ತಿರುವುದಿಲ್ಲ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಶೇ 40 ಕಮಿಷನ್ ಆರೋಪ ಮಾಡಿದಾಗ ನಾಡೆಲ್ಲ ರಾಜಕಾರಣಿಗಳ ಮೇಲೆ ಹರಿಹಾಯ್ದಿತು. ಅಷ್ಟು ಕೊಟ್ಟ ಗುತ್ತಿಗೆದಾರ ಅದನ್ನು ಯಾರಿಂದ ಕಿತ್ತುಕೊಳ್ಳುತ್ತಾನೆ ಎಂದು ಕೇಳಿದವರು ಕಡಿಮೆ.

ಕಾನೂನೂ ತೆಳ್ಳಗಾಗುತ್ತಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 20 ಮಂದಿ ದುಡಿಯುವಲ್ಲಿ ಅನ್ವಯವಾಗುತ್ತಿತ್ತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಕಾರ್ಮಿಕ ಸಂಹಿತೆ ಆ ಮಿತಿಯನ್ನು 50ಕ್ಕೆ ಏರಿಸಿತು. ತುಂಡು ಗುತ್ತಿಗೆಯ ಲೋಕದಲ್ಲಿ 49 ಆಳುಗಳ ಲೆಕ್ಕ ತೋರಿಸುವುದು ಕಷ್ಟವೇ?

ಸಂಘವಿಲ್ಲದ ಕಾರ್ಮಿಕನ ಸ್ಥಿತಿ ಏನೆಂಬುದನ್ನು 2020ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಕಂಡಿದ್ದೇವೆ. ಮುಖ್ಯಮಂತ್ರಿ ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ಬೆನ್ನಲ್ಲೇ ಊರಿಗೆ ಹೊರಟ ವಲಸೆ ಕಾರ್ಮಿಕರ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿಸಿತು. ದೇಶವೇ ಛೀಮಾರಿ ಹಾಕಿದ ಮೇಲಷ್ಟೇ ರೈಲು ಹೊರಟವು.

ಸಂಘಗಳಲ್ಲಿ ಹುಳುಕಿಲ್ಲವೆಂದಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಬೋಗಸ್ ಕಾರ್ಡುಗಳ ಹಾವಳಿ ಎಲ್ಲರಿಗೂ ಗೊತ್ತು. ಹುಳುಕಿದ್ದರೆ ಶಿಕ್ಷಿಸಿ, ಅದನ್ನೇ ನೆಪ ಮಾಡಿ ಕಾರ್ಮಿಕರ ಬಾಯಿ ಕಟ್ಟಬೇಡಿ.

ಅಮೆರಿಕದಲ್ಲಿ 1931ರಿಂದಲೇ ಕೇಂದ್ರ ಸರ್ಕಾರದ ಕಾಮಗಾರಿಗಳಲ್ಲಿ ಆಯಾ ಪ್ರದೇಶದ ಚಾಲ್ತಿ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ಇಲ್ಲಿಯೂ ಕೂಲಿಯ ಬಾಬ್ತನ್ನು ದರದ ಪೈಪೋಟಿಯಿಂದ ಹೊರಗಿಡಬೇಕು. ಹಾಜರಿ ಪುಸ್ತಕಕ್ಕೆ ಕಾರ್ಮಿಕ ಪ್ರತಿನಿಧಿಯ ಸಹಿ ಬೀಳದೆ, ಕೂಲಿ ಖಾತೆಗೆ ಸೇರದೆ ಬಿಲ್ ಪಾಸಾಗಕೂಡದು. ಸರ್ಕಾರಿ ಗುತ್ತಿಗೆಯಲ್ಲಿ ಮೀಸಲಾತಿಗಾಗಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಗೆ ವಿಧಾನಮಂಡಲ ತಿದ್ದುಪಡಿ ತಂದಿದೆ. ಅದು ಸರಿಯಾದ ಹೆಜ್ಜೆ. ಕೂಲಿಕಾರರಿಗಾಗಿಯೂ ಅದೇ ಕಾಯ್ದೆಗೆ ಒಂದು ತಿದ್ದುಪಡಿಯನ್ನು ಮುಂದಿನ ಅಧಿವೇಶನದಲ್ಲೇ ತನ್ನಿ.