ಪ್ರವಾಸದ ಬಸ್ಸಿಗೆ ಒಬ್ಬ ತಾಯಿ ಬೇಕು

ನವೆಂಬರ್ ಮುಗಿಯುತ್ತಾ ಬಂತೆಂದರೆ ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಭೀಮನಬೀಡಾಗಲಿ, ತೆರಕಣಾಂಬಿಯಾಗಲಿ, ಬೇಗೂರಾಗಲಿ, ಮಕ್ಕಳು ಮನೆಗೆ ಬಂದು ಹೇಳುವ ಊರುಗಳ ಹೆಸರು ಮಾತ್ರ ಎರಡೇ: ಮೈಸೂರು, ಬೆಂಗಳೂರು. ಹಣ ಎಷ್ಟು, ಬಸ್ಸು ಯಾವುದು, ಎಷ್ಟು ಗಂಟೆಗೆ ವಾಪಸ್ಸು ಎಂದು ನೀವು ವಿಚಾರಿಸುತ್ತೀರಿ. ದಾರಿಯಲ್ಲಿ ನನ್ನ ಮಗಳು ಎಲ್ಲಿ ಒಂದಕ್ಕೆ ಹೋಗುತ್ತಾಳೆ ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಈ ತಿಂಗಳು ಆ ಪ್ರಶ್ನೆಯ ಬಗ್ಗೆಯೇ ಬರೆಯುತ್ತೇನೆ. ಓದಿ ಮುಜುಗರವಾದರೂ ಪರವಾಗಿಲ್ಲ.

2024ರ ಡಿಸೆಂಬರ್ 10ರಂದು ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಬಂದ ಮೇಲೆ ಎಲ್ಲ ಶಾಲೆಗಳಲ್ಲೂ ಎಚ್ಚರ ಹೆಚ್ಚಿತು. ಹೆಚ್ಚಬೇಕಾದದ್ದೇ. ನೀರಿನ ಹತ್ತಿರ ಮಕ್ಕಳನ್ನು ಬಿಡುವ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಆದರೆ ಪ್ರವಾಸ ಮುಗಿದ ಎರಡು-ಮೂರು ದಿನಕ್ಕೆ ನನ್ನ ದವಾಖಾನೆಗೆ ಬರುವ ಮಕ್ಕಳು ಸಮುದ್ರ ಕಂಡವರಲ್ಲ. ಅವರು ಏಳನೇ, ಎಂಟನೇ ತರಗತಿಯ ಹುಡುಗಿಯರು. ಚಳಿಜ್ವರ, ಕಿಬ್ಬೊಟ್ಟೆ ನೋವು, ಉರಿಮೂತ್ರ. ತಾಯಂದಿರು 'ಬೆಂಗಳೂರಿನ ನೀರು ಒಗ್ಗಲಿಲ್ಲ ಡಾಕ್ಟ್ರೇ' ಎನ್ನುತ್ತಾರೆ. ಮಗುವನ್ನೇ ಕೇಳಿದರೆ ಬೇರೆ ಉತ್ತರ ಬರುತ್ತದೆ: ಬೆಳಗ್ಗೆಯಿಂದ ರಾತ್ರಿವರೆಗೆ ನೀರೇ ಕುಡಿದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ, ಸರ್‌ಗೆ ಹೇಳಲು ನಾಚಿಕೆ.

ಯುನಾನಿಯಲ್ಲಿ ಆರೋಗ್ಯ ನಿಂತಿರುವುದು 'ಅಸ್ಬಾಬ್-ಎ-ಸಿತ್ತಾ ಜರೂರಿಯಾ' ಎಂಬ ಆರು ಅಗತ್ಯಗಳ ಮೇಲೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ. ಆರನೆಯದು ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು, ಹೋಗಬೇಕಾದದ್ದು ಹೋಗುವುದು. ಶಾಲಾ ಪ್ರವಾಸದ ದಿನ ಈ ಆರೂ ಏರುಪೇರಾಗುತ್ತವೆ. ಬೆಳಗಿನ ಜಾವ ಮೂರಕ್ಕೆ ಎದ್ದ ಮಗು ರಾತ್ರಿ ಹನ್ನೊಂದಕ್ಕೆ ಮನೆ ಸೇರುತ್ತದೆ. ಒಂದು ದಿನದ ನಿದ್ರೆ ಕೆಟ್ಟರೆ ಮರುದಿನ ಮಲಗಿ ಸರಿ ಮಾಡಿಕೊಳ್ಳಬಹುದು. ಹನ್ನೆರಡು ಗಂಟೆ ಮೂತ್ರ ಕಟ್ಟಿಕೊಂಡು, ನೀರನ್ನೂ ಬಿಟ್ಟದ್ದು ಹಾಗೆ ಸರಿಹೋಗುವುದಿಲ್ಲ. ಹೆಣ್ಣುಮಕ್ಕಳ ಮೂತ್ರನಾಳ ಚಿಕ್ಕದು, ಹೊರಗಿನ ಕ್ರಿಮಿ ಮೂತ್ರಕೋಶ ತಲುಪಲು ಹೆಚ್ಚು ದೂರ ಹೋಗಬೇಕಾಗಿಲ್ಲ. ಆಗಾಗ ಮೂತ್ರ ಹೋಗುತ್ತಿದ್ದರೆ ಆ ಕ್ರಿಮಿಯೂ ತೊಳೆದುಹೋಗುತ್ತದೆ. ಕಟ್ಟಿಕೊಂಡರೆ ಒಳಗೇ ಬೆಳೆಯುತ್ತದೆ.

ಗಂಡುಮಕ್ಕಳಿಗೆ ಈ ಕಷ್ಟವಿಲ್ಲ. ಬಸ್ಸು ಎಲ್ಲಿ ನಿಂತರೂ ಅವರಿಗೆ ಒಂದು ಮರ ಸಿಗುತ್ತದೆ. (ಅದೂ ಒಳ್ಳೆಯ ಅಭ್ಯಾಸವಲ್ಲ ಎಂಬುದು ಬೇರೆ ಮಾತು.) ಪ್ರವಾಸದ ಪಟ್ಟಿ ತಯಾರಿಸುವವರೂ ಹೆಚ್ಚಾಗಿ ಗಂಡಸರು. ಆದ್ದರಿಂದ ಈ ಸಂಕಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಬಸ್ಸಿನಲ್ಲಿ 25 ಹುಡುಗಿಯರಿದ್ದಾರೆ. ನಿಂತ ಕಡೆ ಹೆಂಗಸರಿಗೆ ಎರಡು ಶೌಚಾಲಯಗಳಿವೆ. ಒಬ್ಬಳಿಗೆ ಮೂರು ನಿಮಿಷ ಹಿಡಿದರೆ ಎಲ್ಲರೂ ಮುಗಿಸಲು 35 ನಿಮಿಷ ದಾಟುತ್ತದೆ. ಕೊಡುವ ಸಮಯ ಹದಿನೈದು ನಿಮಿಷ. ಅಷ್ಟರಲ್ಲಿ ಹತ್ತು ಹುಡುಗಿಯರು ಹೋಗಿ ಬರುತ್ತಾರೆ. ಉಳಿದ ಹದಿನೈದು ಮಂದಿ ಡ್ರೈವರ್ ಹಾರ್ನ್ ಹೊಡೆದ ಕೂಡಲೇ ಓಡಿಬಂದು ಬಸ್ಸು ಹತ್ತುತ್ತಾರೆ. 'ಎಲ್ಲರೂ ಆಯ್ತಾ?' ಎಂದರೆ 'ಆಯ್ತು ಸಾರ್' ಎನ್ನುತ್ತಾರೆ. ಸಾಲಿನಲ್ಲಿ ಹಿಂದೆ ಉಳಿಯುವವರು ಯಾವಾಗಲೂ ಮೆತ್ತಗಿನ ಮಕ್ಕಳೇ.

ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರ್. ಅಲ್ಲಿಂದ ಬೆಂಗಳೂರು ಅದರ ಎರಡರಷ್ಟಕ್ಕಿಂತ ಹೆಚ್ಚು. ಹಿಂದೆ ಹಳೆಯ ರಸ್ತೆಯಲ್ಲಿ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದ ಒಳಗೇ ಬಸ್ಸು ಹಾದುಹೋಗುತ್ತಿತ್ತು. ತಿಂಡಿಗೆ ನಿಂತ ಹೋಟೆಲಿನಲ್ಲೇ ಎಲ್ಲ ಮುಗಿಯುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಈ ಊರುಗಳನ್ನೆಲ್ಲ ಬೈಪಾಸ್ ಮಾಡಿದೆ. ಸಮಯ ಉಳಿಯಿತು, ಸಂತೋಷ. ಆದರೆ ಆ ರಸ್ತೆಗೆ ಏರಿದ ಮೇಲೆ ಬೇಕೆಂದ ಕಡೆ ನಿಲ್ಲಿಸಲಾಗುವುದಿಲ್ಲ. ಸರ್ವಿಸ್ ರಸ್ತೆಗೆ ಇಳಿಯಬೇಕು, ಮತ್ತೆ ಹತ್ತಬೇಕು. ಎಲ್ಲಿ ಇಳಿಯುವುದೆಂದು ಹೊರಡುವ ಮೊದಲೇ ತೀರ್ಮಾನಿಸದಿದ್ದರೆ ಡ್ರೈವರ್ ಇಳಿಯುವುದಿಲ್ಲ. ಮಕ್ಕಳ ಸಂಕೋಚದ ಜೊತೆಗೆ ಈಗ ರಸ್ತೆಯೂ ಸೇರಿಕೊಂಡಿದೆ.

ನನ್ನ ಅಭಿಪ್ರಾಯ ಇಷ್ಟು: ಪ್ರತಿ ಬಸ್ಸಿನಲ್ಲಿ ಶಿಕ್ಷಕಿಯ ಜೊತೆಗೆ ಒಬ್ಬ ತಾಯಿ ಇರಬೇಕು. ಟಿಕೆಟ್ಟು, ಲೆಕ್ಕ, ಮಕ್ಕಳ ಎಣಿಕೆ ಆಕೆಯ ಕೆಲಸವಾಗಬಾರದು. ನೀರು, ಶೌಚ, ವಾಂತಿ, ಮುಟ್ಟು, ಇವಿಷ್ಟೇ ಆಕೆಯ ಕೆಲಸ. ಶಿಕ್ಷಕಿ ಸಾಲದೇ ಎಂದು ನೀವು ಕೇಳಬಹುದು. ಶಿಕ್ಷಕಿಯರು ಕಷ್ಟಪಡುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ನೂರೆಂಟು ಜವಾಬ್ದಾರಿಗಳ ನಡುವೆ ಅವರ ಹತ್ತಿರ ಹೋಗಿ 'ಮಿಸ್, ಉರಿಯುತ್ತಿದೆ' ಎನ್ನುವ ಧೈರ್ಯ ಹಳ್ಳಿಯ ಹುಡುಗಿಗೆ ಬರುವುದಿಲ್ಲ. ಸ್ನೇಹಿತೆಯ ಅಮ್ಮಿಗಾದರೆ ಹೇಳುತ್ತಾಳೆ.

ಈಗ ಪೋಷಕರ ಪರವಾಗಿ ಹೋಗುವವರು ಯಾರು ನೋಡಿ. ಎಸ್‌ಡಿಎಂಸಿಯ ಒಬ್ಬಿಬ್ಬರು, ಬಿಡುವಾಗಿರುವ ಅಪ್ಪಂದಿರು. ಅವರು ಮುಂದಿನ ಸೀಟಿನಲ್ಲಿ ಡ್ರೈವರ್ ಜೊತೆ ಮಾತಾಡುತ್ತಾ ಕೂರುತ್ತಾರೆ. ತಾಯಂದಿರು ಯಾಕೆ ಬರುವುದಿಲ್ಲ ಎಂದರೆ ಉತ್ತರ ಸರಳ, ಕೂಲಿ ಹೋಗುತ್ತದೆ. ಭೀಮನಬೀಡಿನಂಥ ಊರಿನಲ್ಲಿ ಅರಿಶಿನದ ಹೊಲಕ್ಕೋ ತರಕಾರಿ ಕೊಯ್ಲಿಗೋ ಹೋಗುವ ಹೆಂಗಸು ಒಂದು ದಿನದ ದುಡಿಮೆ ಬಿಟ್ಟು, ಮೇಲೆ ಬಸ್ಸಿನ ಹಣವನ್ನೂ ಕೊಟ್ಟು ಹೋಗಲಿ ಎಂದರೆ ಹೇಗೆ? ಆಕೆಗೆ ಸೀಟು, ಊಟ ಉಚಿತವಾಗಿರಬೇಕು. ಆ ದಿನದ ಕೂಲಿಯನ್ನೂ ಕೊಡಬೇಕು. ಐವತ್ತು ಮಕ್ಕಳಿಗೆ ಹಂಚಿದರೆ ತಲೆಗೆ ಹತ್ತು-ಹದಿನೈದು ರೂಪಾಯಿ ಬೀಳಬಹುದು. ಅದೂ ಆಗದಿದ್ದರೆ ಊರಿನ ಜಮಾಅತ್‌ನವರೋ ಸಂಘದವರೋ ಕೊಡಲಿ. ಇಫ್ತಾರ್ ಕೂಟಗಳಿಗೆ ಖರ್ಚು ಮಾಡುವುದರಲ್ಲಿ ಇದು ಯಾವ ಲೆಕ್ಕ?

ನಮ್ಮ ಕೆಲವು ಮನೆಗಳಲ್ಲಿ ಹುಡುಗಿ ದೊಡ್ಡವಳಾದ ಕೂಡಲೇ ಪ್ರವಾಸಕ್ಕೆ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ, ನಿರ್ಧಾರ ಒಪ್ಪಿಗೆಯಾಗುವುದಿಲ್ಲ. ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಯಂತ್ರ ತಿರುಗುವುದನ್ನು ಕಣ್ಣಾರೆ ನೋಡಿದ ಮಗುವಿಗೆ ವಿಜ್ಞಾನದ ಪಾಠ ಬೇರೆಯೇ ರೀತಿ ಅರ್ಥವಾಗುತ್ತದೆ. ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ಬದಲು ನೀವೇ ಬಸ್ಸು ಹತ್ತಿ.

ಹತ್ತುವ ತಾಯಿಗೆ ನನ್ನ ಕೆಲವು ಮಾತುಗಳಿವೆ. ಮೊದಲು ಹೆಡ್ ಮಾಸ್ಟರ್ ಹತ್ತಿರ ಹೋಗಿ ನೋಡುವ ಜಾಗಗಳ ಪಟ್ಟಿ ಕೇಳಿ. ಒಂದೇ ದಿನದಲ್ಲಿ ಶ್ರೀರಂಗಪಟ್ಟಣದ ಗುಂಬಜ್, ದರಿಯಾ ದೌಲತ್, ವಿಧಾನಸೌಧ, ಮ್ಯೂಸಿಯಂ, ತಾರಾಲಯ, ಲಾಲ್‌ಬಾಗ್ ಎಂದು ಬರೆದಿದ್ದರೆ ಎರಡನ್ನು ಹೊಡೆದುಹಾಕಲು ಹೇಳಿ. ಟಿಕೆಟ್ ಕೊಂಡು ಒಳಗೆ ಹೋಗುವ ಜಾಗಗಳಲ್ಲಿ ಸಾಮಾನ್ಯವಾಗಿ ಶೌಚಾಲಯ ಇರುತ್ತದೆ. ರಸ್ತೆಬದಿಯಲ್ಲಿ ಇಳಿದು ಫೋಟೋ ತೆಗೆಸಿಕೊಳ್ಳುವ ಜಾಗಗಳಲ್ಲಿ ಇರುವುದಿಲ್ಲ. ಆ ಎರಡನ್ನೂ ಒಂದಾದ ಮೇಲೊಂದು ಬರುವಂತೆ ಜೋಡಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಬೆಂಗಳೂರಿನ ತಾರಾಲಯಕ್ಕೆ ಸೋಮವಾರ ರಜೆ, ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ಇದು ಗೊತ್ತಿಲ್ಲದೆ ಹೋಗಿ, ಬಾಗಿಲು ಹಾಕಿದ್ದು ನೋಡಿ, ಐವತ್ತು ಮಕ್ಕಳನ್ನು ಬಿಸಿಲಲ್ಲಿ ಅಲೆಸುವುದೂ ಉಂಟು. ಎರಡೂವರೆ ಗಂಟೆಗೊಮ್ಮೆ ನಿಲುಗಡೆ, ಪ್ರತಿ ನಿಲುಗಡೆಗೆ ಮುಕ್ಕಾಲು ಗಂಟೆ, ಹುಡುಗಿಯರು ಮೊದಲು ಇಳಿಯಬೇಕು. ಇದನ್ನು ಡ್ರೈವರ್‌ಗೂ ಮೊದಲೇ ತಿಳಿಸಿ.

ನೀರನ್ನು ಊರಿನಿಂದಲೇ ಕುದಿಸಿ ಆರಿಸಿ ಒಯ್ಯುವುದು ಒಳ್ಳೆಯದು. ಹಳ್ಳಿಗಳಲ್ಲಿ ನೀರು ಒಗ್ಗಲಿಲ್ಲ ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ಪ್ರಯಾಣಿಕರಿಗಾಗಿ ಪ್ರತ್ಯೇಕ ಅಧ್ಯಾಯಗಳನ್ನೇ ಬರೆದಿದ್ದಾರೆ, ಅದರಲ್ಲಿ ನೀರಿನ ಬದಲಾವಣೆಯ ಬಗ್ಗೆ ಎಚ್ಚರಿಕೆ ಇದೆ. ಒಂದೇ ಸಲ ಗಟಗಟ ಕುಡಿಸಬೇಡಿ, ಗಂಟೆಗೊಮ್ಮೆ ನಾಲ್ಕೈದು ಗುಟುಕು ಸಾಕು. ಹಿಂದಿನ ಹಕೀಮರು ಗಾಜಿನ ಪಾತ್ರೆಯಲ್ಲಿ 'ಖಾರೂರಾ' ನೋಡಿ, ಎಂದರೆ ಮೂತ್ರದ ಬಣ್ಣ ನೋಡಿ, ರೋಗ ಅಳೆಯುತ್ತಿದ್ದರು. ನೀವು ಮಕ್ಕಳಿಗೆ ಅಷ್ಟು ಹೇಳಿಕೊಟ್ಟರೆ ಸಾಕು: ಒಣ ಹುಲ್ಲಿನಂಥ ತಿಳಿ ಹಳದಿ ಇದ್ದರೆ ಸರಿ, ಕಡು ಹಳದಿಯಾದರೆ ನೀರು ಸಾಲದು.

ಒಂದು ಲೀಟರ್‌ನ ಖಾಲಿ ಬಾಟಲಿಗಳು ನಾಲ್ಕು ಬೇಕು, ಲೋಟಾ ಬದಲಿಗೆ. ನಗರದ ಎಷ್ಟೋ ಶೌಚಾಲಯಗಳಲ್ಲಿ ಮಗ್ಗು ಇರುವುದಿಲ್ಲ, ಇದ್ದರೂ ಮುಟ್ಟುವ ಹಾಗಿರುವುದಿಲ್ಲ. ಕುಡಿಯುವ ಬಾಟಲಿಯೊಂದಿಗೆ ಬೆರೆಯದಂತೆ ಕೆಂಪು ದಾರ ಕಟ್ಟಿ. ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಬೇಕು, ಹಿಂದಿನಿಂದ ಮುಂದಕ್ಕಲ್ಲ. ಇದನ್ನು ಮಗಳಿಗೆ ಪ್ರವಾಸಕ್ಕೆ ಮುಂಚೆಯೇ ಮನೆಯಲ್ಲಿ ಹೇಳಿಕೊಡಿ. ಸೋಪಿನ ಒಂದು ತುಂಡು ಚೀಲದಲ್ಲಿರಲಿ.

ಮುಟ್ಟಿನ ಮಾತು. ಡಿಸೆಂಬರಿನಲ್ಲಿ ಕೆಲವು ತಾಯಂದಿರು 'ಪ್ರವಾಸದ ದಿನಕ್ಕೆ ಬರದ ಹಾಗೆ ಮಾತ್ರೆ ಕೊಡಿ' ಎಂದು ಕೇಳುತ್ತಾರೆ. ನಾನು ಕೊಡುವುದಿಲ್ಲ. ಮೆಡಿಕಲ್ ಶಾಪಿನಿಂದ ನೀವಾಗಿ ತಂದು ಹದಿಮೂರರ ಹುಡುಗಿಗೆ ನುಂಗಿಸುವುದಂತೂ ಬೇಡವೇ ಬೇಡ. ಹಾರ್ಮೋನಿನ ಮಾತ್ರೆ ಅದು, ಆಟದ ಸಾಮಾನಲ್ಲ. ಸರ್ಕಾರದ ಶುಚಿ ಯೋಜನೆಯ ಪ್ಯಾಡುಗಳು ಶಾಲೆಯಲ್ಲಿದ್ದರೆ ಒಂದು ಪ್ಯಾಕೆಟ್ ಕೇಳಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕೊಂಡುಕೊಳ್ಳಿ. ಸುತ್ತಿ ಹಾಕಲು ಹಳೆಯ ಪೇಪರ್, ಬದಲಿಗೆ ಒಂದೆರಡು ಒಳಉಡುಪು. ಬಸ್ಸಿನ ಕುಲುಕಾಟದಲ್ಲಿ ಮೊದಲ ಸಲ ಮುಟ್ಟಾದ ಹುಡುಗಿಯೂ ಇರಬಹುದು. ಅವಳಿಗೆ ಆ ಹೊತ್ತಿನಲ್ಲಿ ಬೇಕಾಗಿರುವುದು ನೀವು, ಔಷಧಿಯಲ್ಲ.

ವಾಂತಿಯಾಗುವ ಮಕ್ಕಳನ್ನು ಮುಂದೆ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ, ಮೊಬೈಲ್ ಕಿತ್ತಿಡಿ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಒಣಶುಂಠಿಯ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಅನುಕೂಲವಾಗುತ್ತದೆ. ಬುತ್ತಿಗೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಸಾಕು. ಬೆಳಗಿನ ಜಾವ ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿ ಮುಚ್ಚಿದ ಬಿರಿಯಾನಿಯನ್ನು ಮಧ್ಯಾಹ್ನ ಎರಡಕ್ಕೆ ತಿನ್ನಿಸುವ ಪ್ರೀತಿ ಬೇಡ. ಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲಿ ಬೆಳೆಯುವ ಕ್ರಿಮಿ ಇದೆ, ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಓಆರ್‌ಎಸ್ ಪುಡಿಯ ನಾಲ್ಕೈದು ಪ್ಯಾಕೆಟ್ ಇರಲಿ. ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು, ಕಡಿಮೆ ಹಾಕಬಾರದು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಸರಿಯಾದ ಸೂತ್ರವಿಲ್ಲದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದೆಂದು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಹೊರಡುವ ಮೊದಲು ಪ್ರತಿ ಮನೆಯಿಂದ ಒಂದು ಚೀಟಿ ತರಿಸಿಕೊಳ್ಳಿ: ಮಗುವಿಗೆ ಉಬ್ಬಸ, ಫಿಟ್ಸ್, ಸಕ್ಕರೆ ಕಾಯಿಲೆ ಇದೆಯೇ, ಯಾವ ಔಷಧಿ. ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದನ್ನೂ ಕೇಳಲೇಬೇಕು. ಸೋಲಿಗರು, ಜೇನುಕುರುಬರ ಮಕ್ಕಳಲ್ಲಿ ಕುಡುಗೋಲು ರಕ್ತಕಣ ಕಾಯಿಲೆ, ಅಂದರೆ ಸಿಕಲ್ ಸೆಲ್, ಕಾಣಿಸುತ್ತದೆ. ಅಂಥ ಮಗು ನೀರು ಬಿಟ್ಟರೆ ಉರಿಮೂತ್ರಕ್ಕೆ ನಿಲ್ಲುವುದಿಲ್ಲ. ಮೈಕೈ ಎಲುಬುಗಳಲ್ಲಿ ತಡೆಯಲಾರದ ನೋವೆದ್ದು ಆಸ್ಪತ್ರೆ ಸೇರಬೇಕಾಗುತ್ತದೆ. ಆ ಮಗುವನ್ನು ಬಿಟ್ಟುಹೋಗಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಕುಡಿಸುತ್ತಿರಿ, ಬೆಳಗಿನ ಚಳಿಗೆ ಸ್ವೆಟರ್ ಹಾಕಿಸಿ. ದಾರಿಯಲ್ಲಿ ಏನಾದರೂ ಹೆಚ್ಚಾದರೆ 108 ಇದೆ, 112 ಇದೆ.

ವಾಪಸ್ಸು ಬಂದ ಮೇಲೆ ಮೂರು ದಿನ ಮಗಳನ್ನು ಗಮನಿಸಿ. ಉರಿ, ಪದೇಪದೇ ಹೋಗಬೇಕೆನಿಸುವುದು ಇಷ್ಟೇ ಇದ್ದರೂ ಒಮ್ಮೆ ತೋರಿಸಿ. ಜ್ವರ, ಚಳಿನಡುಕ, ಸೊಂಟದ ಒಂದು ಪಕ್ಕದಲ್ಲಿ ನೋವು, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಹೋಗಬೇಕು, ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಮನೆಯಲ್ಲಿ ಶರ್ಬತ್-ಎ-ಬಜೂರಿ ಇದೆ, ಕುಡಿಸಿದರಾಯಿತು ಎಂದು ಕಾಯಬೇಡಿ. ಶರ್ಬತ್ ಬರೆದುಕೊಡುವ ನಾನೇ ಇದನ್ನು ಹೇಳುತ್ತಿದ್ದೇನೆ, ಜ್ವರವಿದ್ದಾಗ ಅದು ಸಾಲದು. ಮೂತ್ರ ಪರೀಕ್ಷೆಗೆ ಕೊಟ್ಟ ಮೇಲೆಯೇ ಔಷಧಿ ಶುರುವಾಗಲಿ. ಆ ಪರೀಕ್ಷೆಗೆ ಮೈಸೂರಿಗೆ ಓಡಬೇಕಾಗಿಲ್ಲ, ಗುಂಡ್ಲುಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲೇ ಮೊದಲು ಕೇಳಿ.