ಅಭಿಮಾನಿಯೂ ಮನೆಗೆ ಮರಳಬೇಕು

ನಮ್ಮ ಮೇಳಿಗೆ ಕಡೆ ಡೇರೆ ಮೇಳದ ಆಟ ಅಂದರೆ ಟಿಕೆಟ್ ತಗೊಂಡು ಒಳಗೆ ಹೋಗುತ್ತೇವೆ. ಜಾಗ ಎಲ್ಲಿ, ಹೊರಗೆ ಬರುವ ದಾರಿ ಯಾವುದು ಎಂದು ಗೊತ್ತಿರುತ್ತದೆ. ಆಟ ಮುಗಿಸಿ ಬೆಳಗಿನ ಜಾವ ಮನೆಗೆ ಬರುತ್ತೇವೆ.

2025ರ ಜೂನ್ 3ರಂದು ಆರ್‌ಸಿಬಿ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿತು. 18ನೇ ಸೀಸನ್ನಿಗೆ ಮೊದಲ ಐಪಿಎಲ್ ಕಪ್! ನಾವೂ ಕುಣಿದೆವು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಮಂದಿ ಸತ್ತರು. ಒಳಗೆ ಸುಮಾರು 35 ಸಾವಿರ ಜನಕ್ಕೆ ಜಾಗ, ಬಂದವರು ಲಕ್ಷಗಟ್ಟಲೆ. ಪ್ರವೇಶ ಉಚಿತವೋ, ಪಾಸ್ ಬೇಕೋ ಎಂಬ ಗೊಂದಲ ಬೇರೆ.

‘ಅಭಿಮಾನಿಗಳಿಗೆ ಹುಚ್ಚು’ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಊಟಕ್ಕೆ ಕರೆದವರು ಎಲೆ ಎಣಿಸಿಕೊಳ್ಳುವುದಿಲ್ಲವೇ? ಹಾಗೆಯೇ ಎಷ್ಟು ಜನಕ್ಕೆ ಜಾಗ, ಯಾವ ಗೇಟು ಎಂಬುದನ್ನು ಕರೆಯುವವರು ಹಿಂದಿನ ದಿನವೇ ಹೇಳಬೇಕು. ಅಷ್ಟು ಹೊತ್ತಿಲ್ಲದಿದ್ದರೆ ಕಾರ್ಯಕ್ರಮ ಮುಂದೆ ಹಾಕಬೇಕು.

ನಮಗೂ ಒಂದು ಮಾತು. ಕೊಹ್ಲಿಯ ಆಟವಿರಲಿ, ನಮ್ಮ ಜಿಲ್ಲೆಯ ಸುದೀಪ್ ಆಡುವ ಸಿಸಿಎಲ್ ಪಂದ್ಯವಿರಲಿ, ಟಿಕೆಟ್ ಕೈಗೆ ಬಾರದೆ ತೀರ್ಥಹಳ್ಳಿಯಲ್ಲಿ ರಾತ್ರಿ ಬಸ್ ಹತ್ತುವುದು ಬೇಡ. ಕಪ್ ಟಿವಿಯಲ್ಲೂ ಕಾಣುತ್ತದೆ. ಮನೆಯಲ್ಲಿ ಕಾಯುವವರಿಗೆ ನಾವೇ ಬೇಕು.