ಸಮುದ್ರ ದಾಟಿದ ತಂದೆಗೆ ಹೊಣೆಯಿಂದ ವಿನಾಯಿತಿ ಉಂಟೇ?

ಕರಾವಳಿಯ ಮುಸ್ಲಿಮರ ಬದುಕನ್ನು ಎತ್ತಿ ನಿಲ್ಲಿಸಿದವರಲ್ಲಿ ಗಲ್ಫ್‌ನಲ್ಲಿ ದುಡಿದವರ ಪಾಲು ದೊಡ್ಡದು. ಅದನ್ನು ನಾವು ಕೃತಜ್ಞತೆಯಿಂದಲೇ ಸ್ಮರಿಸುತ್ತೇವೆ. ಆದರೆ ಅವರಲ್ಲೇ ಕೆಲವರು ಊರಿನಲ್ಲಿ ತೊರೆದು ಹೋದ ಮಕ್ಕಳಿಗೆ ನ್ಯಾಯಾಲಯ ಗೊತ್ತುಪಡಿಸಿದ ಜೀವನಾಂಶವನ್ನು ಕೊಡದೆ ನಿಶ್ಚಿಂತೆಯಿಂದಿರುವಾಗ ಸಮುದಾಯ ಮೌನವಾಗಿರುವುದು ಯಾವ ನ್ಯಾಯ?

ಸಂಬಳಕ್ಕೆ ದುಡಿಯುವವನಿಗೆ ವೇತನದ ಚೀಟಿಯಾದರೂ ಇರುತ್ತದೆ. ಸ್ವಂತ ವ್ಯಾಪಾರಿಗೆ ಅದೂ ಇಲ್ಲ. ಅಂಗಡಿ ತಮ್ಮನ ಹೆಸರಿನಲ್ಲಿ, ಖಾತೆ ಪಾಲುದಾರನ ಹೆಸರಿನಲ್ಲಿ, ಲೆಕ್ಕಪುಸ್ತಕ ತನ್ನ ಕೈಯಲ್ಲಿ! ನ್ಯಾಯಾಲಯದಲ್ಲಿ 'ವ್ಯಾಪಾರ ನಷ್ಟದಲ್ಲಿದೆ' ಎನ್ನುವಾತ ಅದೇ ವರ್ಷ ಊರಿನಲ್ಲಿ ಎರಡಂತಸ್ತಿನ ಮನೆ ಕಟ್ಟಿಸುತ್ತಾನೆ.

'ತಲಾಕ್ ಆಗಿದೆ, ಇದ್ದತ್ ಮುಗಿದಿದೆ' ಎಂಬುದು ಇನ್ನೊಂದು ನೆಪ. ತಲಾಕ್ ಪತಿ-ಪತ್ನಿಯರ ನಡುವಿನದ್ದು. ಮಗುವಿಗೆ ಯಾರು ತಲಾಕ್ ಕೊಟ್ಟರು? ಪವಿತ್ರ ಕುರ್‌ಆನ್ ಮಗುವಿನ ಪೋಷಣೆಯ ವೆಚ್ಚವನ್ನು ತಂದೆಯ ಮೇಲೆಯೇ ಹೊರಿಸಿದೆ. ಅಬೂ ಸುಫ್ಯಾನ್ ಮಕ್ಕದ ದೊಡ್ಡ ವ್ಯಾಪಾರಿ. ಅವರು ಸಾಕಷ್ಟು ಖರ್ಚು ಕೊಡುತ್ತಿಲ್ಲವೆಂದು ಪತ್ನಿ ಹಿಂದ್ ದೂರಿದಾಗ, ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ನ್ಯಾಯಯುತವಾಗಿ ಅವರ ಸಂಪತ್ತಿನಿಂದ ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿಸಿದರು. ವಿಚ್ಛೇದಿತೆಯ ಮಕ್ಕಳ ಹಕ್ಕನ್ನು 1986ರ ಕಾಯ್ದೆ ಕಸಿದಿಲ್ಲವೆಂದು ಸುಪ್ರೀಮ್ ಕೋರ್ಟ್ 1997ರಲ್ಲೇ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಿರುವಾಗ ಶರೀಅತ್‌ನ ಹೆಸರಿನಲ್ಲಿ ನುಣುಚಿಕೊಳ್ಳುವವನು ಶರೀಅತನ್ನೇ ಅವಮಾನಿಸುತ್ತಿದ್ದಾನೆ.

ಸರಕಾರದ ನಡೆಯೂ ಪ್ರಶ್ನಾರ್ಹ. ಯುಎಇ ನ್ಯಾಯಾಲಯಗಳ ಹಣದ ಡಿಕ್ರಿಗಳನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯಗಳಲ್ಲೇ ಜಾರಿಗೊಳಿಸಲು 2020ರ ಜನವರಿಯಲ್ಲಿ ಕೇಂದ್ರವು ಅಧಿಸೂಚನೆ ಹೊರಡಿಸಿತು. ದುಬೈಯ ಬ್ಯಾಂಕಿನ ಸಾಲ ಮಂಗಳೂರಿನ ಮನೆ ಬಾಗಿಲಿಗೆ ಬರುತ್ತದೆ. ಮಂಗಳೂರಿನ ಮಗುವಿನ ಹಾಲಿನ ಹಣಕ್ಕೆ ಮಾತ್ರ ದುಬೈಯ ದಾರಿ ದುರ್ಗಮ! ಉಭಯ ದೇಶಗಳ ನಡುವೆ 1999ರ ನ್ಯಾಯಾಂಗ ಸಹಕಾರ ಒಪ್ಪಂದವಿದೆ, ನಿಜ. ಆದರೆ ಅರಬಿ ಭಾಷಾಂತರ, ದೃಢೀಕರಣ, ಅಲ್ಲಿನ ವಕೀಲರ ಶುಲ್ಕ ಇವನ್ನೆಲ್ಲ ಒಂಟಿ ತಾಯಿ ಹೇಗೆ ಭರಿಸಿಯಾಳು? 2007ರ ಹೇಗ್ ಒಪ್ಪಂದದ ದೇಶಗಳಲ್ಲಿ ಇಂತಹ ಅರ್ಜಿ ಸರಕಾರದಿಂದ ಸರಕಾರಕ್ಕೆ ಹೋಗುತ್ತದೆ, ಮಗುವಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಭಾರತ ಅದಕ್ಕೆ ಸೇರಿಲ್ಲ. ಅದಕ್ಕೆ ಸೇರಬೇಕು, ಗಲ್ಫ್ ರಾಷ್ಟ್ರಗಳೊಂದಿಗೆ ಅಂಥದೇ ಪ್ರತ್ಯೇಕ ಏರ್ಪಾಡನ್ನೂ ಮಾಡಿಕೊಳ್ಳಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕಿಲ್ಲ. ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಬಾಕಿಯ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಇದನ್ನು ತಾಯಂದಿರು ಮರೆಯಬಾರದು. ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ ಸಲ್ಲಿಸಬೇಕೆಂದು, ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದು ರಜನೀಶ್-ನೇಹಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಮ್ ಕೋರ್ಟ್ ಆದೇಶಿಸಿದೆ. ಅಂಗಡಿ ಗಲ್ಫ್‌ನಲ್ಲಿದ್ದರೂ ಮನೆ-ಜಮೀನು ಊರಿನಲ್ಲಿದೆಯಲ್ಲ? ಅದರಿಂದ ವಸೂಲಿ ಮಾಡಲು ಕಾನೂನಿದೆ. ನ್ಯಾಯಾಲಯದ ಸಮನ್ಸ್ ಅಥವಾ ವಾರಂಟ್ ಇದ್ದರೆ, 1967ರ ಕಾಯ್ದೆಯ 10ನೆಯ ಕಲಮಿನಂತೆ ಪಾಸ್‌ಪೋರ್ಟನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಪಾಸ್‌ಪೋರ್ಟ್ ಪ್ರಾಧಿಕಾರಕ್ಕಿದೆ.

ಇನ್ನು ನಮ್ಮ ಜಮಾಅತ್‌ಗಳು. ಈ ವ್ಯಾಪಾರಿ ರಮಝಾನ್‌ಗೆ ಊರಿಗೆ ಬಂದಾಗ ಅವನಿಗೆ ವೇದಿಕೆಯಲ್ಲಿ ಶಾಲು ಹೊದಿಸುವವರು ಯಾರು? ದೇಣಿಗೆಯ ಫಲಕದಲ್ಲಿ ಅವನ ಹೆಸರು ಕೆತ್ತಿಸುವವರು ಯಾರು? ಮಕ್ಕಳ ಬಾಕಿಯನ್ನು ವಿಚಾರಿಸದೆ ಎರಡನೆಯ ನಿಕಾಹ್‌ಗೆ ಪತ್ರ ಬರೆದುಕೊಡುವವರು ಯಾರು? ಸ್ವಂತ ಮಕ್ಕಳ ಅನ್ನವನ್ನು ತಡೆದಿಟ್ಟವನ ದೇಣಿಗೆಯಿಂದ ಮಸೀದಿಯ ಮಿನಾರ ಎತ್ತರವಾಗುವುದಿಲ್ಲ. ಮೊದಲು ಮಕ್ಕಳ ಬಾಕಿ ತೀರಿಸು, ಆಮೇಲೆ ದೇಣಿಗೆಯ ಮಾತಾಡು ಎಂದು ಹೇಳುವ ಧೈರ್ಯ ನಮ್ಮ ಆಡಳಿತ ಸಮಿತಿಗಳಿಗೆ ಬರಲಿ.